ಸೊಸೆಯ ಜಪಸರ, ಬೀಗರ ಪಂಚಕ

ಪ್ರಶ್ನೆ: ನಮ್ಮದು ಸ್ಮಾರ್ತ ಸಂಪ್ರದಾಯದ ಮನೆ. ಮಗ ಏಳು ವರ್ಷದ ಹಿಂದೆ ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗಿಯನ್ನು ರಿಜಿಸ್ಟರ್ ಮದುವೆ ಆದ. ಸೊಸೆ ಒಳ್ಳೆಯವಳು, ನಮ್ಮ ಹಬ್ಬಗಳಲ್ಲಿ ಕೈಗೂಡಿಸುತ್ತಾಳೆ. ಚರ್ಚಿಗೆ ಹೋಗುತ್ತಿದ್ದದ್ದು ಕ್ರಿಸ್‌ಮಸ್‌ಗೆ ಮಾತ್ರ. ಮೂರು ವಾರದ ಹಿಂದೆ ಅವಳ ತಂದೆ ಹೃದಯಾಘಾತದಿಂದ ಹೋಗಿಬಿಟ್ಟರು. ಊರಿಂದ ಬಂದಮೇಲೆ ದಿನಾ ಬೆಳಿಗ್ಗೆ ಚರ್ಚಿಗೆ ಹೋಗುತ್ತಾಳೆ. ರಾತ್ರಿ ರೂಮಿನಲ್ಲಿ ತಂದೆಯ ಫೋಟೋ ಮುಂದೆ ಮೊಂಬತ್ತಿ ಹಚ್ಚಿ ಜಪಸರ ಹಿಡಿದು ಕೂರುತ್ತಾಳೆ. ಐದು ವರ್ಷದ ಮೊಮ್ಮಗನೂ ಪಕ್ಕದಲ್ಲಿ ಕೂರುತ್ತಾನೆ. ಕೇಳಿದರೆ "ಅದರಲ್ಲಿ ಮಾತ್ರ ಸಮಾಧಾನ ಆಗುತ್ತೆ ಅತ್ತೆ" ಅಂತಾಳೆ. ನಮ್ಮ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಬೀಗರು ಹೋದದ್ದು ಶತಭಿಷಾ ನಕ್ಷತ್ರದಲ್ಲಂತೆ, ಪಂಚಕ ದೋಷ ಮಗಳ ಮನೆಗೂ ತಟ್ಟುತ್ತದಂತೆ. ಹೂಳಿದವರಿಗೆ ಸದ್ಗತಿ ಇಲ್ಲ, ನಾರಾಯಣಬಲಿ ಮಾಡಿಸಿ ಅಂತ ಒಬ್ಬರು 35,000 ರೂಪಾಯಿ ಲೆಕ್ಕ ಕೊಟ್ಟಿದ್ದಾರೆ. ನಮಗೆ ಸೂತಕ ಉಂಟೆ? ಒಂದೇ ಸೂರಿನಡಿ ದೇವರ ದೀಪವೂ ಆ ಮೊಂಬತ್ತಿಯೂ ಇರಬಹುದೆ? ಬೀಗರ ಫೋಟೋಗೆ ಒಂದು ಎಡೆ ಇಡಬೇಕೆಂದು ನನಗೆ ಆಸೆ. ಮೂವತ್ತನೇ ದಿನದ ಪೂಜೆಗೆ ಮಂಗಳೂರಿಗೆ ಕರೆದಿದ್ದಾರೆ, ಹೋಗಬಹುದೆ? ಇವಳು ನಮ್ಮಿಂದ ದೂರ ಆಗಿಬಿಡುತ್ತಾಳೋ ಎಂಬ ಹೆದರಿಕೆಯೂ ಇದೆ. (ಹೆಸರು ಬೇಡ, ಬೆಂಗಳೂರು)

ಉತ್ತರ: ಅಮ್ಮಾ, ಮೊದಲು ಆ 35,000 ರೂಪಾಯಿಯ ವಿಷಯ ಮುಗಿಸಿಬಿಡೋಣ. ಕೊಡಬೇಡಿ. ನಾರಾಯಣಬಲಿ ಇರುವುದು ದುರ್ಮರಣಕ್ಕೆ. ಅಂದರೆ ಅಪಘಾತ, ಆತ್ಮಹತ್ಯೆ, ಸರ್ಪದಂಶ, ಇಂಥವುಗಳಿಂದ ಸತ್ತವರಿಗೆ, ಅಥವಾ ಕ್ರಿಯೆಯೇ ನಡೆಯದೆ ಹೋದವರಿಗೆ. ಅದನ್ನು ಮಾಡುವುದಕ್ಕೆ ಅಧಿಕಾರವಿರುವ ಕರ್ತೃ ಬೇಕು, ಸತ್ತವರ ಹೆಸರು ಗೋತ್ರ ಬೇಕು. ನಿಮ್ಮ ಬೀಗರು ತಮ್ಮ ಮನೆಯವರ ನಡುವೆ ಬದುಕಿ, ತಮ್ಮ ಧರ್ಮದ ಪ್ರಕಾರ ಅಂತ್ಯವಿಧಿ ಪಡೆದು ಹೋದವರು. ಅವರಿಗೆ ಕ್ರಿಯೆ ಆಗಿಲ್ಲ ಅನ್ನುವುದಕ್ಕೆ ನಾವು ಯಾರು?

ಹೂಳಿದರೆ ಸದ್ಗತಿ ಇಲ್ಲ ಅನ್ನುವ ಮಾತಂತೂ ಕರ್ನಾಟಕದಲ್ಲಿ ಕೂತು ಆಡುವ ಮಾತೇ ಅಲ್ಲ. ನಮ್ಮ ಸಂನ್ಯಾಸಿಗಳನ್ನು ಬೃಂದಾವನ ಕಟ್ಟಿ ಕೂರಿಸುತ್ತೇವೆ. ಎಳೆ ಮಕ್ಕಳನ್ನು ಹೂಳುತ್ತೇವೆ. ವೀರಶೈವ ಲಿಂಗಾಯತರು ಸಮಾಧಿ ಮಾಡುತ್ತಾರೆ. ಇವರಿಗೆಲ್ಲ ಸದ್ಗತಿ ಇಲ್ಲವೆ? ಕ್ಯಾಥೊಲಿಕರಲ್ಲಿ 1963ರಿಂದ ದಹನಕ್ಕೂ ಅನುಮತಿ ಇದೆ, ಆದರೂ ಹೂಳುವುದನ್ನೇ ಅವರ ಸಭೆ ಮೇಲೆಂದು ಇಟ್ಟುಕೊಂಡಿದೆ. ಕಡೆಯ ದಿನ ದೇಹವೇ ಮತ್ತೆ ಎದ್ದು ಬರುತ್ತದೆ ಎಂದು ಅವರು ನಂಬುತ್ತಾರೆ, ಅದಕ್ಕೆ.

ಇನ್ನು ಪಂಚಕ. ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯ ಕೊನೆಯವರೆಗೆ, ಅಂದರೆ ಚಂದ್ರ ಕುಂಭ ಮೀನ ರಾಶಿಗಳಲ್ಲಿರುವ ಕಾಲಕ್ಕೆ ಧನಿಷ್ಠಾ ಪಂಚಕ ಎಂದು ಹೆಸರು. ನಾನೂ ಜಾತಕ ನೋಡುವವನೇ, ಪಂಚಕ ಸುಳ್ಳು ಅಂತ ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ಚಂದ್ರ ಸುಮಾರು 27 ದಿನಕ್ಕೆ ಒಂದು ಸುತ್ತು ಬರುತ್ತಾನೆ, ಅದರಲ್ಲಿ ನಾಲ್ಕೂವರೆ ದಿನ ಪಂಚಕ. ಲೋಕದಲ್ಲಿ ಆರಕ್ಕೆ ಒಂದು ಸಾವು ಪಂಚಕದಲ್ಲೇ ಆಗುತ್ತದೆ ಎಂದಾಯಿತು. ಅದಕ್ಕೆ ಹೇಳಿರುವ ಪರಿಹಾರವೂ ದಹನಕ್ಕೆ ಸೇರಿದ್ದು. ದರ್ಭೆಯ ಐದು ಪ್ರತಿಮೆ ಮಾಡಿ ಶವದ ಜತೆ ದಹಿಸುವ ವಿಧಿ, ಆಮೇಲೆ ಶಾಂತಿ. ಕೆಲವು ಕಡೆ ಸಾವಾದ ಮನೆಯನ್ನು ಇಷ್ಟು ತಿಂಗಳು ಮುಚ್ಚುವ ರೂಢಿಯೂ ಇದೆ. ಎಲ್ಲವೂ ಸಾವಾದ ಮನೆಯ ಮಾತು. ನಾಲ್ಕು ಘಾಟಿ ಇಳಿದು ಹೋಗಬೇಕಾದ ಊರಿನಲ್ಲಿ ಆದ ಸಾವಿನ ಪಂಚಕ ನಿಮ್ಮ ಬೆಂಗಳೂರಿನ ಫ್ಲಾಟಿನ ಬಾಗಿಲಿಗೆ ಬಸ್ ಹಿಡಿದು ಬರುವುದಿಲ್ಲ.

ಸೂತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಗರ ಸಾವಿಗೆ ನಿಮಗೂ ನಿಮ್ಮ ಯಜಮಾನರಿಗೂ ಆಶೌಚವಿಲ್ಲ, ಸುದ್ದಿ ಕೇಳಿದಾಗ ಸ್ನಾನ ಮಾಡಿದರೆ ಆಯಿತು. ಮಾವ ಹೋದರೆ ಅಳಿಯನಿಗೆ ಕೆಲವು ಸಂಪ್ರದಾಯದಲ್ಲಿ ಮೂರು ದಿನ, ಕೆಲವದರಲ್ಲಿ ಪಕ್ಷಿಣಿ, ಅಂದರೆ ಒಂದೂವರೆ ದಿನ. ಆ ಅವಧಿ ಯಾವಾಗಲೋ ಕಳೆದಿದೆ. ಮದುವೆಯಾದ ಹೆಣ್ಣುಮಕ್ಕಳಿಗೆ ತಂದೆತಾಯಿಯ ಸಾವಿಗೆ ಮೂರು ದಿನ ಅಂತ ನಮ್ಮ ಗ್ರಂಥಗಳಲ್ಲಿದೆ, ಆದರೆ ಅದು ನಮ್ಮ ಸಂಸ್ಕಾರಗಳಿಗೆ ಒಳಪಟ್ಟವರಿಗೆ. ಆ ಹುಡುಗಿಯ ಮೇಲೆ ಹೊರಿಸಬೇಡಿ. ಅವಳಿಗೆ ಅವಳದೇ ಲೆಕ್ಕವಿದೆ, ಈಗ ಅದಕ್ಕೆ ಬರೋಣ, ಯಾಕೆಂದರೆ ನಿಮ್ಮ ಪತ್ರದ ನಿಜವಾದ ಪ್ರಶ್ನೆ ಅಲ್ಲಿದೆ.

ಕ್ರಿಸ್‌ಮಸ್‌ಗೆ ಮಾತ್ರ ಚರ್ಚಿಗೆ ಹೋಗುತ್ತಿದ್ದವಳು ಈಗ ದಿನಾ ಹೋಗುತ್ತಾಳೆ, ಏನಾಯಿತು ಇವಳಿಗೆ ಅಂತ ನಿಮಗೆ ದಿಗಿಲು. ನಲವತ್ತು ವರ್ಷದಿಂದ ನಾನು ಅಪರಕ್ರಿಯೆ ಮಾಡಿಸುತ್ತಿದ್ದೇನೆ. ಜನಿವಾರ ತೆಗೆದು ಬೀರುವಿನಲ್ಲಿಟ್ಟ ಹುಡುಗರನ್ನು ನೋಡಿದ್ದೇನೆ. ಅಪ್ಪ ಹೋದಾಗ ವಿಮಾನದಿಂದ ಇಳಿದು ಬಂದು, ಹತ್ತು ದಿನ ನೆಲದ ಮೇಲೆ ಮಲಗಿ, ಹದಿಮೂರನೇ ದಿನ ಶುಭಸ್ವೀಕಾರ ಮುಗಿದ ಮೇಲೆ ಮೆಲ್ಲಗೆ ಬಂದು "ಶಾಸ್ತ್ರಿಗಳೇ, ಸಂಧ್ಯಾವಂದನೆ ಮತ್ತೆ ಹೇಳಿಕೊಡುತ್ತೀರಾ" ಅಂತಾರೆ. ಅವರಿಗೆ ಏಕಾಏಕಿ ವೈರಾಗ್ಯ ಬಂದಿರುವುದಿಲ್ಲ. ಸಂಧ್ಯಾವಂದನೆ ಕಲಿಸಿದ್ದು ಅಪ್ಪ, ಅರ್ಘ್ಯದ ಕೈ ಹೀಗೆ ಹಿಡಿ ಅಂತ ಗದರಿದ್ದು ಅಪ್ಪ. ಆ ಮಂತ್ರ ಹೇಳುವಾಗ ಅಪ್ಪ ಪಕ್ಕದಲ್ಲಿರುತ್ತಾರೆ. ನಿಮ್ಮ ಸೊಸೆಯನ್ನು ಚಿಕ್ಕಂದಿನಲ್ಲಿ ಕೈಹಿಡಿದು ಚರ್ಚಿಗೆ ಕರೆದುಕೊಂಡು ಹೋದವರು ಯಾರು? ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಮಂಡಿಯೂರಿ ಜಪಸರ ಹೇಳುವುದು ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಹಳೆಯ ಪದ್ಧತಿ. ಅವರ ಕೊಂಕಣಿಯಲ್ಲಿ ಅದಕ್ಕೆ ತೇರ್ಸ್ ಅಂತಾರೆ. ಆ ಸಾಲಿನಲ್ಲಿ ಅಪ್ಪನ ಧ್ವನಿಯೂ ಇತ್ತು. ಆಕೆ ಈಗ ಹುಡುಕುತ್ತಿರುವುದು ಅದನ್ನು.

ಅವರಲ್ಲಿ ಸತ್ತವರಿಗೆ ಏನು ಮಾಡುತ್ತಾರೆ ಅಂತ ತಿಳಿದುಕೊಂಡರೆ ನಿಮ್ಮ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ನನ್ನ ಪರಿಚಯದ ನಿವೃತ್ತ ಪಾದ್ರಿಗಳೊಬ್ಬರಿದ್ದಾರೆ, ಕನ್ನಡದವರೇ, ಸಂಜೆ ವಾಕಿಂಗಿನ ಸ್ನೇಹ. ಅವರಿಂದ ಕೇಳಿದ್ದು, ಅವರು ಕೊಟ್ಟ ಪುಸ್ತಕಗಳಲ್ಲಿ ಓದಿದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ.

ಸತ್ತ ಜೀವ ನೇರವಾಗಿ ದೇವರ ಸನ್ನಿಧಿಗೆ ಹೋಗುವಷ್ಟು ನಿರ್ಮಲವಾಗಿರದಿದ್ದರೆ ಮಧ್ಯೆ ಒಂದು ಶುದ್ಧಿಯ ಅವಸ್ಥೆ ಇದೆ, ಬದುಕಿರುವವರ ಪ್ರಾರ್ಥನೆ ಆ ಜೀವಕ್ಕೆ ಸಹಾಯ ಮಾಡುತ್ತದೆ ಎನ್ನುವುದು ಕ್ಯಾಥೊಲಿಕರ ನಂಬಿಕೆ. ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಕ್ಯಾಥೊಲಿಕರ ಬೈಬಲಿನಲ್ಲಿ ಮಕ್ಕಬಿಯರ ಎರಡನೆಯ ಗ್ರಂಥ ಎಂದೊಂದಿದೆ, ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಅದು ಇಲ್ಲ. ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಯೂದ ಎಂಬ ಸೇನಾನಿ ಎರಡು ಸಾವಿರ ಬೆಳ್ಳಿಯ ದ್ರಾಕ್ಮ ಸಂಗ್ರಹಿಸಿ ಜೆರೂಸಲೇಮಿನ ದೇವಾಲಯಕ್ಕೆ ಕಳಿಸಿದ ಕಥೆ ಅದರಲ್ಲಿ ಬರುತ್ತದೆ. ಸತ್ತವರಿಗಾಗಿ ಬೇಡುವುದಕ್ಕೆ ಅವರು ಕೊಡುವ ಆಧಾರಗಳಲ್ಲಿ ಇದೊಂದು. ಹಾಗಾಗಿ ಬಲಿಪೂಜೆಯನ್ನು ಸತ್ತವರ ಹೆಸರಿನಲ್ಲಿ ಮಾಡಿಸುತ್ತಾರೆ. ಅಂತ್ಯಕ್ರಿಯೆಯ ದಿನ, ಏಳನೇ ದಿನ, ಮೂವತ್ತನೇ ದಿನ, ಮತ್ತೆ ವರ್ಷಕ್ಕೆ. ಇಡೀ ನವೆಂಬರ್ ತಿಂಗಳು ಸತ್ತವರ ನೆನಪಿಗೆ ಮೀಸಲು, ಅದರಲ್ಲೂ ನವೆಂಬರ್ 2 ಮುಖ್ಯ. ಅವತ್ತು ಸಮಾಧಿ ತೊಳೆದು ಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ.

ಮೂವತ್ತನೇ ದಿನ ಅಂದಕೂಡಲೇ ನಮ್ಮ ಮಾಸಿಕದ ಹಾಗೆ ಅನ್ನಿಸುತ್ತದೆ. ಹಾಗಲ್ಲ, ಅವರ ಮೂವತ್ತಕ್ಕೆ ಅವರದೇ ಮೂಲಗಳಿವೆ. ಮೋಶೆ ತೀರಿಕೊಂಡಾಗ ಇಸ್ರೇಲಿನ ಜನ ಮೂವತ್ತು ದಿನ ಶೋಕ ಮಾಡಿದರು ಅಂತ ಬೈಬಲಿನಲ್ಲಿದೆ. 590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗೊರಿ ಎಂಬವರು ತಮ್ಮ ಮಠದ ಕಥೆಯೊಂದನ್ನು ಬರೆದಿದ್ದಾರೆ. ಜಸ್ಟಸ್ ಎಂಬ ಸಂನ್ಯಾಸಿ ಮೂರು ಚಿನ್ನದ ನಾಣ್ಯ ಬಚ್ಚಿಟ್ಟುಕೊಂಡಿದ್ದನಂತೆ. ಸ್ವಂತ ಆಸ್ತಿ ಇಟ್ಟುಕೊಳ್ಳುವುದು ಅವರಲ್ಲಿ ನಿಷಿದ್ಧ. ಅವನು ಸತ್ತ ಮೇಲೆ ಗ್ರೆಗೊರಿ ಅವನಿಗಾಗಿ ಬಿಡದೆ ಮೂವತ್ತು ದಿನ ಬಲಿಪೂಜೆ ನಡೆಸಿದರು. ಕೊನೆಗೆ ಅವನು ತನ್ನ ಸಹೋದರನಿಗೆ ಕಾಣಿಸಿಕೊಂಡು, ಈಗ ನನಗೆ ಬಿಡುಗಡೆಯಾಯಿತು ಅಂದನಂತೆ. ಮೂವತ್ತು ದಿನದ ಆ ಪೂಜೆಗೆ ಇವತ್ತಿಗೂ ಗ್ರೆಗೊರಿಯ ಹೆಸರೇ ಇದೆ.

ಈಗ ನಿಮ್ಮ ಎಡೆಯ ಆಸೆ. ಬೀಗರ ಮೇಲಿನ ಪ್ರೀತಿಯಿಂದ ಕೇಳಿದ್ದೀರಿ, ಮನಸ್ಸಿಗೆ ಹಿತವಾಯಿತು. ಆದರೆ ಇಡಬೇಡಿ ಅಂತಲೇ ಹೇಳುತ್ತೇನೆ, ಅದಕ್ಕೆ ಒಂದು ಕಥೆಯುಂಟು.

ಸಂತ ಆಗಸ್ಟೀನ್ ಎಂಬ ದೊಡ್ಡ ಪಂಡಿತರಿದ್ದರು, ಉತ್ತರ ಆಫ್ರಿಕದವರು. ಅವರ ತಾಯಿ ಮೋನಿಕಾ. ಆ ಕಾಲಕ್ಕೆ ಅಲ್ಲಿನ ಕ್ರೈಸ್ತರು ಸಂತರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗಿ ಇಡುತ್ತಿದ್ದರು, ಹೆಚ್ಚುಕಡಿಮೆ ನಮ್ಮ ಎಡೆಯಂತೆಯೇ. ಮೋನಿಕಾ ಮಗನನ್ನು ಹುಡುಕಿಕೊಂಡು ಇಟಲಿಯ ಮಿಲಾನಿಗೆ ಬಂದಾಗ, ಅಲ್ಲಿನ ಬಿಷಪ್ ಅಂಬ್ರೋಸ್ ಅದನ್ನು ನಿಲ್ಲಿಸಿದ್ದರು. ರೋಮನ್ನರು ಫೆಬ್ರವರಿಯಲ್ಲಿ ಪಿತೃಗಳಿಗೆ ಅನ್ನ ಇಡುವ ಪರೆಂಟಾಲಿಯ ಹಬ್ಬ ಮಾಡುತ್ತಿದ್ದರಲ್ಲ, ಅದರ ಹಾಗೆ ಕಾಣುತ್ತದೆ ಎನ್ನುವುದು ಒಂದು ಕಾರಣ. ಮೋನಿಕಾ ಮರುಮಾತಾಡದೆ ಬಿಟ್ಟರು. ಅಂದಿನಿಂದ ಬುಟ್ಟಿಯ ಬದಲು ಪ್ರಾರ್ಥನೆಯನ್ನೇ ಒಯ್ದರು ಅಂತ ಮಗ ಬರೆದುಕೊಂಡಿದ್ದಾರೆ. ನೋಡಿ, ಸಾವಿರದ ಆರುನೂರು ವರ್ಷದ ಹಿಂದೆಯೇ ಅವರು ನಿರ್ಧಾರ ಮಾಡಿಕೊಂಡ ವಿಷಯ ಇದು. ನಮ್ಮಲ್ಲಿ ಪಿತೃಗಳಿಗೆ ಪಿಂಡ, ತಿಲೋದಕ. ಅವರಲ್ಲಿ ಸತ್ತವರಿಗೆ ಅನ್ನವಿಲ್ಲ, ಅವರ ಪರವಾಗಿ ದೇವರಲ್ಲಿ ಬೇಡಿಕೆ ಮಾತ್ರ. ಪುನರ್ಜನ್ಮವನ್ನೂ ಅವರು ಒಪ್ಪುವುದಿಲ್ಲ. ಎಲ್ಲ ಒಂದೇ ಅಂತ ಮೇಲ್ಮೇಲೆ ಹೇಳಿಬಿಡುವುದು ಸುಲಭ, ಆದರೆ ದುಃಖದಲ್ಲಿರುವವರ ಎದುರು ಅದು ಅಷ್ಟು ಮರ್ಯಾದೆಯ ಮಾತಲ್ಲ. ನೀವು ಎಡೆ ಇಟ್ಟರೆ ಆಕೆ ಅತ್ತೆಯ ಮುಖ ನೋಡಿ ಸುಮ್ಮನಿರಬಹುದು, ಒಳಗೆ ಮಾತ್ರ, ನಮ್ಮಪ್ಪನನ್ನು ಬೇರೆ ಯಾರದೋ ಸಾಲಿನಲ್ಲಿ ಕೂರಿಸಿದರು ಅನ್ನಿಸುತ್ತದೆ. ಬೀಗರಿಗೆ ಇಷ್ಟವಾದ ಅಡುಗೆ ಒಂದು ದಿನ ಮಾಡಿ, ಸೊಸೆಗೆ ಬಡಿಸಿ. ಅದು ಸಲ್ಲುತ್ತದೆ.

ಆ ಮೋನಿಕಾ ತೀರಿಕೊಂಡದ್ದೂ ಹೇಳಬೇಕು, ಯಾಕೆಂದರೆ ನಿಮ್ಮ ಸೊಸೆಯ ಸ್ಥಿತಿ ಅದರಲ್ಲಿ ಕಾಣುತ್ತದೆ. ಕ್ರಿ.ಶ. 387. ಆಗಸ್ಟೀನರು ಅದೇ ವರ್ಷ ಅಂಬ್ರೋಸರಿಂದ ದೀಕ್ಷೆ ಪಡೆದಿದ್ದರು. ತಾಯಿ ಮಗ ಊರಿಗೆ ಹೊರಟು ರೋಮಿನ ಬಂದರು ಓಸ್ಟಿಯದಲ್ಲಿ ಹಡಗಿಗೆ ಕಾಯುತ್ತಿದ್ದಾಗ ತಾಯಿಗೆ ಜ್ವರ ಬಂತು. ಗಂಡನ ಪಕ್ಕದಲ್ಲೇ ತನ್ನ ಸಮಾಧಿಯಾಗಬೇಕು ಅಂತ ಊರಲ್ಲಿ ಮೊದಲೇ ಜಾಗ ಮಾಡಿಟ್ಟುಕೊಂಡಿದ್ದವರು ಆಕೆ. ಕೊನೆಗೆ ಮಾತ್ರ, ದೇಹ ಎಲ್ಲಾದರೂ ಇಡಿ, ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂಬರ್ಥದ ಮಾತು ಹೇಳಿದರು. ಆಕೆಗೆ 56, ಮಗನಿಗೆ 33. ಮಗ ಅಳಲಿಲ್ಲ. ಸಮಾಧಿಯ ಹತ್ತಿರವೂ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಕೇಳಿದ್ದರಿಂದ ಸ್ನಾನಕ್ಕೆ ಹೋದರು. ಇಳಿಯಲಿಲ್ಲ. ಮಲಗಿ ಎದ್ದ ಮೇಲೆ ಅಂಬ್ರೋಸರು ರಚಿಸಿದ ಒಂದು ಕೀರ್ತನೆ ನೆನಪಾಯಿತು. ಆಗ ಹಾಸಿಗೆಯಲ್ಲಿ ಒಬ್ಬರೇ ಇದ್ದಾಗ ಅಳು ಬಂತು. ಲೋಕಕ್ಕೆಲ್ಲ ಪಾಠ ಹೇಳಿದ ಪಂಡಿತರಿಗೆ ತಮ್ಮ ಪಾಂಡಿತ್ಯ ಅವತ್ತು ಒದಗಲಿಲ್ಲ, ಬಾಯಿಪಾಠವಾಗಿದ್ದ ನಾಲ್ಕು ಸಾಲು ಒದಗಿತು. ಮುಂದೆ ಬರೆದ ಪುಸ್ತಕದಲ್ಲಿ, ಓದುವವರೆಲ್ಲ ನನ್ನ ತಂದೆತಾಯಿಯನ್ನು ಪೀಠದ ಬಳಿ ನೆನೆಯಿರಿ ಅಂತ ಇಬ್ಬರ ಹೆಸರನ್ನೂ ಹೇಳಿ ಕೇಳಿಕೊಂಡಿದ್ದಾರೆ.

ನಿಮ್ಮ ಸೊಸೆಯ ಜಪಸರವೂ ಆ ಬಾಯಿಪಾಠವೇ. ಹತ್ತು ಮಣಿಗಳ ಐದು ಗುಂಪು, ನಡುನಡುವೆ ಒಂದೊಂದು ಬಿಡಿ ಮಣಿ. ಹತ್ತು ಸಲ ಮಾತೆ ಮರಿಯಳ ಪ್ರಾರ್ಥನೆ, ಬಿಡಿ ಮಣಿಗೆ ಯೇಸು ಕಲಿಸಿದ ಪ್ರಾರ್ಥನೆ. ಜತೆಗೆ ಯೇಸುವಿನ ಜನನ, ಯಾತನೆ, ಪುನರುತ್ಥಾನ ಮುಂತಾದ ಪ್ರಸಂಗಗಳ ಧ್ಯಾನ. ಮರಿಯಳ ಪ್ರಾರ್ಥನೆಯ ಒಳಗೇ ಮರಣಕಾಲದ ನೆನಪಿದೆ, ಹಾಗಾಗಿ ಸಾವಿನ ಮನೆಯಲ್ಲಿ ಅದು ಮೊದಲು ಬಾಯಿಗೆ ಬರುತ್ತದೆ. ಹೊಸದಾಗಿ ಏನನ್ನೂ ಯೋಚಿಸಬೇಕಿಲ್ಲ, ಮಣಿ ಸರಿಯುತ್ತದೆ, ನಾಲಗೆ ನಡೆಯುತ್ತದೆ, ಅಷ್ಟರಲ್ಲಿ ಎದೆ ಒಂದಿಷ್ಟು ಹಗುರಾಗುತ್ತದೆ. ನಮ್ಮ ಹತ್ತು ದಿನದ ಪಿಂಡಪ್ರದಾನವೂ ಹಾಗೇ ಅಲ್ಲವೆ? ದಿನಕ್ಕೊಂದು ಪಿಂಡದಿಂದ ಜೀವಕ್ಕೆ ಒಂದೊಂದು ಅಂಗ ಕೂಡುತ್ತದೆ ಎನ್ನುವುದು ಶಾಸ್ತ್ರ. ಆದರೆ ನದಿಯ ದಂಡೆಯಲ್ಲಿ ಕೂತ ಮಗನಿಗೂ ಅಷ್ಟು ದಿನ ಕೈಗೆ ಕೆಲಸ ಸಿಗುತ್ತದೆ. ಪಾಠಶಾಲೆಯಲ್ಲಿ ನಮಗೆ ಅಪರಪ್ರಯೋಗವನ್ನು ಒಳಗೆ ಪಾಠ ಮಾಡುತ್ತಿರಲಿಲ್ಲ, ಹೊಳೆಯ ಕಡೆ ಕರೆದುಕೊಂಡು ಹೋಗಿ ಹೇಳಿಕೊಡುತ್ತಿದ್ದರು. ನಮ್ಮ ಗುರುಗಳು ಒಂದು ಮಾತು ತಪ್ಪದೆ ಹೇಳುವರು: "ಕರ್ತೃವಿಗೆ ಅವಸರ ಮಾಡಬೇಡ್ರೋ, ಅವನು ಅಪ್ಪನನ್ನು ಕಳಿಸುತ್ತಿದ್ದಾನೆ." ನಿಮ್ಮ ಸೊಸೆಯೂ ಈಗ ಅಪ್ಪನನ್ನು ಕಳಿಸುತ್ತಿದ್ದಾಳೆ. ಅವಸರ ಮಾಡಬೇಡಿ.

ಮೊಂಬತ್ತಿಯಿಂದ ದೇವರ ಮನೆಗೆ ದೋಷವೇನೂ ಇಲ್ಲ. ನಿಮ್ಮ ದೀಪ ನಿಮ್ಮ ದೇವರ ಮನೆಯಲ್ಲಿ ಎಂದಿನಂತೆ ಉರಿಯಲಿ, ಅವಳ ಶಿಲುಬೆಯೂ ತಂದೆಯ ಫೋಟೋವೂ ಅವಳ ರೂಮಿನಲ್ಲಿರಲಿ. ಒಂದನ್ನು ತಂದು ಇನ್ನೊಂದರ ಪಕ್ಕ ಇಡುವ ಔದಾರ್ಯ ಬೇಡ, ಇಬ್ಬರಿಗೂ ಇರಿಸುಮುರಿಸು. ಸತ್ತವರ ಫೋಟೋ ದೇವರ ಮನೆಯಲ್ಲಿಡಬಾರದು ಎನ್ನುವುದು ನಮ್ಮ ಮನೆಯವರ ಫೋಟೋಗೂ ಸೇರಿ ಹೇಳಿದ್ದು. ಒಂದೇ ಎಚ್ಚರಿಕೆ, ಪರದೆ ಹತ್ತಿರ ಮೊಂಬತ್ತಿ ಉರಿಯುತ್ತಾ ಬಿಟ್ಟು ಮಲಗಬಾರದು. ಇದು ನಮ್ಮ ನಂದಾದೀಪಕ್ಕೂ ಅನ್ವಯ.

ಮೊಮ್ಮಗ ಕೂರಲಿ ಬಿಡಿ. ಅವನಿಗೂ ಅಜ್ಜ ಹೋಗಿದ್ದಾರೆ. ನಿಮ್ಮ ಜತೆ ಸಂಜೆ ದೀಪಕ್ಕೆ ಕೈಮುಗಿಯುವ ಹುಡುಗ ಅಮ್ಮನ ಜತೆ ರಾತ್ರಿ ಹತ್ತು ನಿಮಿಷ ಕೂತರೆ ಯಾವ ಸಂಸ್ಕಾರವೂ ಕೆಡುವುದಿಲ್ಲ. ಪೋಟಿಗೆ ಬಿದ್ದು ಅದೇ ಹೊತ್ತಿಗೆ ಅವನನ್ನು ಕರೆದು ವಿಷ್ಣು ಸಹಸ್ರನಾಮಕ್ಕೆ ಕೂರಿಸುವ ಕೆಲಸ ಮಾತ್ರ ಮಾಡಬೇಡಿ. ಅವನು ಮುಂದೆ ಯಾವ ದಾರಿ ಹಿಡಿಯಬೇಕು ಅನ್ನುವುದು ಅವನ ತಂದೆತಾಯಿ ಕೂತು ಮಾತಾಡಬೇಕಾದ ವಿಷಯ, ಸಾವಿನ ತಿಂಗಳಲ್ಲಿ ಅಲ್ಲ.

ನೆಂಟರ ಮಾತಿಗೂ ಮೋನಿಕಾರ ಕಥೆಯಲ್ಲೇ ಉತ್ತರವಿದೆ. ಆಕೆಯದೂ ಬೆರಕೆ ಮನೆ, ಗಂಡ ಪೆಟ್ರಿಷಿಯಸ್ ಬಹುಕಾಲ ಕ್ರೈಸ್ತನಲ್ಲ, ಸಾಯುವ ಕಾಲ ಹತ್ತಿರವಾದಾಗ ದೀಕ್ಷೆ ಪಡೆದವನು. ಮನೆಯ ಆಳುಗಳು ಸೊಸೆಯ ಮೇಲೆ ಅತ್ತೆಗೆ ಚಾಡಿ ಹೇಳುತ್ತಿದ್ದರು. ಸೊಸೆಯ ತಾಳ್ಮೆ ನೋಡಿ ಅತ್ತೆಯ ಮನಸ್ಸು ತಿರುಗಿತು. ಚಾಡಿ ಹೇಳಿದವರಿಗೆ ಮಗನ ಕೈಯಿಂದ ಏಟು ಕೊಡಿಸಿದರಂತೆ. ನೀವು ಅಷ್ಟು ದೂರ ಹೋಗುವುದು ಬೇಡ. "ಶಾಸ್ತ್ರಿಗಳನ್ನು ಕೇಳಿದ್ದೇನೆ, ದೋಷವಿಲ್ಲ" ಅಂತ ಒಂದೇ ಮಾತು ಹೇಳಿ ಕಾಫಿ ಕೊಟ್ಟು ಕಳಿಸಿ.

ಮಗನಿಗೆ ಮಾವನ ಹೆಸರಿನಲ್ಲಿ ಏನಾದರೂ ಮಾಡಬೇಕೆನಿಸಿದರೆ ಮಹಾಲಯವಿದೆ. ಸರ್ವಪಿತೃ ತರ್ಪಣದ ಪಟ್ಟಿಯಲ್ಲಿ ಶ್ವಶುರನ ಸ್ಥಾನ ಮೊದಲಿನಿಂದಲೂ ಉಂಟು, ಗೋತ್ರ ತಿಳಿಯದಿದ್ದರೆ ಕಾಶ್ಯಪ ಗೋತ್ರ ಹೇಳುವ ವಾಡಿಕೆಯೂ ಉಂಟು. ಆದರೆ ಮೊದಲು ಹೆಂಡತಿಯನ್ನು ಕೇಳಲಿ. ಬೇಡ ಅಂದರೆ ಬೇಡ. ತರ್ಪಣದ ಕೊನೆಯಲ್ಲಿ ಬಂಧುಗಳಲ್ಲದವರಿಗೂ ಸೇರಿಸಿ ಹೆಸರಿಲ್ಲದೆ ಬಿಡುವ ನೀರಿದೆಯಲ್ಲ, ಅದು ಯಾರನ್ನೂ ಯಾವ ಸಾಲಿಗೂ ಎಳೆಯುವುದಿಲ್ಲ.

ಮಂಗಳೂರಿಗೆ ಖಂಡಿತ ಹೋಗಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ಪೂಜೆಯ ಹೊತ್ತಿಗೆ ಐದು ನಿಮಿಷ ಮುಂಚೆ ಹೋಗಿ ಸ್ವಲ್ಪ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಮಂಡಿಯೂರುವಾಗ ನೀವು ಸುಮ್ಮನೆ ಕೂತಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪರಮಪ್ರಸಾದಕ್ಕೆ ಸಾಲು ನಿಂತಾಗ ಮಾತ್ರ ಪ್ರಸಾದ ಅಂತ ತಿಳಿದು ನೀವೂ ಹೋಗಬೇಡಿ. ನಮ್ಮ ದೇವಸ್ಥಾನದ ತೀರ್ಥ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡುವುದಲ್ಲ ಅದು. ಅವರ ನಂಬಿಕೆಯಲ್ಲಿ ಅದು ಸಾಕ್ಷಾತ್ ಯೇಸುವಿನ ಶರೀರ, ಅವರ ದೀಕ್ಷೆ ಪಡೆದವರಿಗೆ ಮಾತ್ರ. ನಮ್ಮಲ್ಲಿ ಗರ್ಭಗುಡಿಗೆ ಎಲ್ಲರೂ ಹೋಗುವುದಿಲ್ಲವಲ್ಲ, ಹಾಗೆ. ಆಮೇಲೆ ಸಮಾಧಿಯ ಹತ್ತಿರ ಹೋದರೆ ಹೂವಿಡಿ, ಮೊಂಬತ್ತಿ ಹಚ್ಚಲು ಕೊಟ್ಟರೆ ಹಚ್ಚಿ. ಮನೆಯಲ್ಲಿ ಊಟ ಇರುತ್ತದೆ. ಅದು ಶ್ರಾದ್ಧಾನ್ನವಲ್ಲ, ಪಿತೃಗಳಿಗೆ ನಿವೇದಿಸಿದ್ದಲ್ಲ, ಹಾಗಾಗಿ ಆ ಅಂಜಿಕೆ ಬೇಡ. ನೀವು ಸಸ್ಯಾಹಾರಿಗಳು ಅಂತ ಮುಂಚೆ ಫೋನ್ ಮಾಡಿ ಹೇಳಿದರೆ ಬೇರೆಯಾಗಿ ಮಾಡಿಡುತ್ತಾರೆ. ವಾಪಸು ಬಂದು ಸ್ನಾನ ಮಾಡಿ ದೀಪ ಹಚ್ಚಿ, ಅಷ್ಟೆ.

ಇನ್ನೊಂದು, ನೀವು ಕೇಳಿಲ್ಲ, ನಾನಾಗಿ ಹೇಳುತ್ತೇನೆ. ನಮ್ಮ ಆಬ್ದಿಕ ತಿಥಿಯ ಪ್ರಕಾರ, ಅವರದು ಇಂಗ್ಲಿಷ್ ತಾರೀಖಿನ ಪ್ರಕಾರ. ಬೀಗರು ಹೋದ ತಾರೀಖನ್ನು ಈಗಲೇ ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ನವೆಂಬರ್ 2ನ್ನೂ ಹಾಕಿ. ಆ ದಿನಗಳಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆಯೋ ಗೃಹಪ್ರವೇಶದ ಓಡಾಟವೋ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಆಕೆ ಚರ್ಚಿಗೆ ಹೊರಡುವ ಮುಂಚೆ ಕಾಫಿ ಮಾಡಿಕೊಡಿ. ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಅವರು ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸ್ವಲ್ಪ ಬೇಗ ಏಳಬೇಕಾಗುತ್ತದೆ.